ಹೆಸರಿನ ಮುಂದಿನ 'ಡಾ.': ಒಂದು ಅಕ್ಷರದ ನೂರು ವರ್ಷಗಳ ಜಗಳ

ಧಾರವಾಡ ತಾಲ್ಲೂಕಿನ ಗರಗ ಎಂದೊಡನೆ ನೆನಪಾಗುವುದು ಎರಡು. ಒಂದು, ಮಡಿವಾಳೇಶ್ವರರ ಮಠ. ಇನ್ನೊಂದು, ರಾಷ್ಟ್ರಧ್ವಜದ ಬಟ್ಟೆ. 1954ರಲ್ಲಿ ಆರಂಭವಾದ ಇಲ್ಲಿನ ಕ್ಷೇತ್ರೀಯ ಸೇವಾ ಸಂಘದ ಮಗ್ಗಗಳಲ್ಲಿ ನೇಯ್ದ ಖಾದಿಗೆ ದೇಶದಲ್ಲೆಲ್ಲ ಹೆಸರಿದೆ. ಆದರೆ ಮಗ್ಗದಿಂದ ಇಳಿದ ಬಟ್ಟೆ ಆ ಕ್ಷಣವೇ ಧ್ವಜದ ಬಟ್ಟೆ ಎನಿಸಿಕೊಳ್ಳುವುದಿಲ್ಲ. ಅದರ ಹಾಸು ಹೊಕ್ಕು, ತೂಕ, ಬಲ ಎಲ್ಲವೂ ಭಾರತೀಯ ಮಾನಕದ ಪರೀಕ್ಷೆಯಲ್ಲಿ ಗೆಲ್ಲಬೇಕು. ಬಣ್ಣ ಹಾಕಿದ ಮೇಲೆ ಮತ್ತೆ ಪರೀಕ್ಷೆ. ನೇಕಾರರ ಕೈ ಎಷ್ಟೇ ಪಳಗಿದ್ದರೂ ಮುದ್ರೆ ಒತ್ತುವ ಅಧಿಕಾರ ಅವರದಲ್ಲ.

ಇಂಥದೇ ಒಂದು ಮುದ್ರೆಯ ಪ್ರಶ್ನೆ ನಮ್ಮ ಊರುಗಳ ಪೇಟೆ ಬೀದಿಯಲ್ಲೂ ಇದೆ. ಅದು ದವಾಖಾನೆಗಳ ಬೋರ್ಡಿನ ಮೇಲೆ, ಹೆಸರಿನ ಮುಂದೆ ಕೂತಿರುವ 'ಡಾ.' ಎಂಬ ಅಕ್ಷರ. ಅದನ್ನು ಬರೆದುಕೊಳ್ಳುವ ಹಕ್ಕು ಯಾರದು? ಎಂಬಿಬಿಎಸ್ ಓದಿದವರದೇ? ಆಯುರ್ವೇದ, ಹೋಮಿಯೋಪಥಿ ಓದಿದವರದೂ ಹೌದೇ? ಹಲ್ಲಿನ ವೈದ್ಯರದು? ಅಂಗಸಾಧನೆ ಮಾಡಿಸಿ ನೋವು ಇಳಿಸುವ ಫಿಸಿಯೋಥೆರಪಿಸ್ಟರದು?

ಕೊನೆಯ ಪ್ರಶ್ನೆ 2025ರಲ್ಲಿ ದೆಹಲಿಯಲ್ಲೇ ದೊಡ್ಡ ಗದ್ದಲ ಎಬ್ಬಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ಹೊರಬಂದ ಫಿಸಿಯೋಥೆರಪಿಯ ಹೊಸ ಪಠ್ಯಕ್ರಮದಲ್ಲಿ, ಪದವೀಧರರು ಹೆಸರಿನ ಮುಂದೆ 'ಡಾ.' ಎಂದೂ ಹೆಸರಿನ ನಂತರ 'ಪಿ.ಟಿ.' ಎಂದೂ ಬರೆದುಕೊಳ್ಳಬಹುದೆಂಬ ಸೂಚನೆ ಇತ್ತು. ಸೆಪ್ಟೆಂಬರ್ 9ರಂದು ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಇದು ಸಲ್ಲದು ಎಂದು ಪತ್ರ ಬರೆಯಿತು. ಒಂದೆರಡು ದಿನಗಳಲ್ಲೇ, ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಾಗಿದೆ ಎಂದು ತನ್ನ ಪತ್ರವನ್ನು ತಾನೇ ತಡೆಹಿಡಿಯಿತು. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಮೊದಲ ಪತ್ರ ಆಧಾರವಾಗಿ ತೋರಿಸಿದ್ದು ಯಾವ ಕಾಯ್ದೆಯನ್ನು? 1916ರ ಭಾರತೀಯ ವೈದ್ಯಕೀಯ ಪದವಿಗಳ ಕಾಯ್ದೆಯನ್ನು! ನೂರೊಂಬತ್ತು ವರ್ಷ ಹಳೆಯ, ಬ್ರಿಟಿಷರ ಕಾಲದ ಕಾಯ್ದೆ ಇವತ್ತಿನ ಜಗಳಕ್ಕೆ ಏಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಈ ಅಕ್ಷರದ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಕಲಿಸುವವನ ಬಿರುದು

'ಡಾಕ್ಟರ್' ಶಬ್ದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದರ ಧಾತುವಿಗೆ 'ಕಲಿಸು' ಎಂದು ಅರ್ಥ. ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಧರ್ಮಶಾಸ್ತ್ರ, ಕಾನೂನು, ವೈದ್ಯಕೀಯ ಈ ಮೂರರಲ್ಲಿ ಪಾಠ ಹೇಳುವ ಯೋಗ್ಯತೆ ಪಡೆದವನು ಡಾಕ್ಟರ್. ಅಂದರೆ ಅದು ಮೊದಲಿಗೆ ಮೇಷ್ಟರ ಬಿರುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಆಚಾರ್ಯ'. ಧಾರವಾಡದಂಥ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ಕೃಪೆಯಿಂದ ಇಲ್ಲಿನ ಬಡಾವಣೆಗಳಲ್ಲಿ 'ಡಾ.' ಎಂದಿರುವ ಗೇಟು ಬಡಿದರೆ ಒಳಗಿನಿಂದ ಬರುವವರು ಹಳಗನ್ನಡದ ಪ್ರಾಧ್ಯಾಪಕರೂ ಆಗಿರಬಹುದು.

ಇಂಗ್ಲೆಂಡಿನಲ್ಲಿ ಈ ಬಿರುದಿನ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ವಿಶ್ವವಿದ್ಯಾಲಯದಲ್ಲಿ ಓದಿ ಔಷಧ ಹೇಳುವವರು 'ಡಾಕ್ಟರ್'. ಕತ್ತಿ ಹಿಡಿದು ಕೊಯ್ಯುವ ಶಸ್ತ್ರವೈದ್ಯರು ಕ್ಷೌರಿಕರ ಜೊತೆಗೆ ಒಂದೇ ಸಂಘದಲ್ಲಿದ್ದು ಕೈಕೆಲಸದಂತೆ ವಿದ್ಯೆ ಕಲಿತವರು. ಅವರಿಗೆ 'ಡಾಕ್ಟರ್' ಎನ್ನುವ ಮರ್ಯಾದೆ ಇರಲಿಲ್ಲ, ಬರಿಯ 'ಮಿಸ್ಟರ್'. 1745ರಲ್ಲಿ ಶಸ್ತ್ರವೈದ್ಯರು ಕ್ಷೌರಿಕರಿಂದ ಬೇರೆಯಾದರು. ಮುಂದೆ ಅವರಿಗೆ ರಾಯಲ್ ಕಾಲೇಜು ಬಂತು, ಕೀರ್ತಿ ಬಂತು. ಆದರೂ 'ಮಿಸ್ಟರ್' ಬಿಡಲಿಲ್ಲ. ಇಂದಿಗೂ ಬ್ರಿಟನ್ನಿನ ಹಿರಿಯ ಸರ್ಜನ್ ತನ್ನನ್ನು 'ಮಿಸ್ಟರ್' ಎಂದು ಕರೆಸಿಕೊಳ್ಳಲು ಹೆಮ್ಮೆಪಡುತ್ತಾನೆ. ಒಂದು ಕಾಲದ ಅವಮಾನ ಇನ್ನೊಂದು ಕಾಲದ ಅಲಂಕಾರವಾಯಿತು!

ಭಾರತಕ್ಕೆ ಈ ಶಬ್ದ ಬಂದದ್ದು ಸರ್ಕಾರಿ ನೌಕರಿಯ ಬಾಗಿಲಿನಿಂದ. ಈಸ್ಟ್ ಇಂಡಿಯಾ ಕಂಪನಿ 1822ರಲ್ಲಿ ಕಲಕತ್ತೆಯಲ್ಲಿ ಶಾಲೆ ತೆರೆದು, ಸೈನ್ಯದ ದವಾಖಾನೆಗಳಿಗೆ ಬೇಕಾದ ದೇಶೀಯ ಸಹಾಯಕರನ್ನು ತಯಾರು ಮಾಡಿತು. ಅವರಿಗೆ ಕೊಟ್ಟ ಹೆಸರು 'ನೇಟಿವ್ ಡಾಕ್ಟರ್'. ಡಾಕ್ಟರ್ ಹೌದು, ಆದರೆ ನೇಟಿವ್. ಬಿರುದಿನ ಜೊತೆಗೇ ಅದರ ಮಿತಿಯನ್ನೂ ಬರೆದಿದ್ದರು.

ನಮ್ಮ ಭಾಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1845ರಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ತೆರೆಯಿತು. ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಆದ್ದರಿಂದ ಮೊದಲ ತಂಡಗಳಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. 'ಗ್ರಾಂಟ್ ಮೆಡಿಕಲ್ ಕಾಲೇಜಿನ ಪದವೀಧರ' ಎಂಬರ್ಥದ ಜಿ.ಜಿ.ಎಂ.ಸಿ. ಎಂಬ ನಾಲ್ಕಕ್ಷರವೇ ಅವರ ಪ್ರಮಾಣಪತ್ರ. 1851ರಲ್ಲಿ ಹೊರಬಂದ ಆ ಮೊದಲ ತಂಡದಲ್ಲಿದ್ದವರು ಭಾವೂ ದಾಜಿ ಲಾಡ್. ಕುಷ್ಠರೋಗಕ್ಕೆ ದೇಶೀ ಔಷಧ ಹುಡುಕಿದ, ಶಾಸನಗಳನ್ನು ಓದಿದ ಈ ವಿದ್ವಾಂಸರ ಹೆಸರನ್ನು ಮುಂಬಯಿಯ ವಸ್ತುಸಂಗ್ರಹಾಲಯಕ್ಕೆ ಇಟ್ಟಿದ್ದಾರೆ, 'ಡಾ.' ಸಮೇತ. ಅದು ವಿಶ್ವವಿದ್ಯಾಲಯ ಕೊಟ್ಟ ಬಿರುದಲ್ಲ, ಜನ ಕೊಟ್ಟದ್ದು.

ಮುಂದೆ ವಿಶ್ವವಿದ್ಯಾಲಯ ಕೊಟ್ಟ ಪದವಿಗಳ ಹೆಸರನ್ನೂ ನೋಡಿ. ಎಲ್.ಎಂ. ಅಂಡ್ ಎಸ್. ಎಂದರೆ ವೈದ್ಯ ಮತ್ತು ಶಸ್ತ್ರವೈದ್ಯದ 'ಲೈಸೆನ್ಷಿಯೇಟ್', ಅಂದರೆ ಪರವಾನಗಿ ಪಡೆದವನು. ಎಂಬಿಬಿಎಸ್ ಎಂದರೆ ಎರಡು ಸಲ 'ಬ್ಯಾಚಲರ್'. ಇವೆರಡರಲ್ಲೂ 'ಡಾಕ್ಟರ್' ಶಬ್ದವೇ ಇಲ್ಲ. ಅದು ಇರುವುದು ಎಂ.ಡಿ.ಯಲ್ಲಿ ಮಾತ್ರ. ಹಾಗಾಗಿ ಅಕ್ಷರಶಃ ಲೆಕ್ಕ ಹಿಡಿದರೆ ಎಂಬಿಬಿಎಸ್ ಮಾಡಿದವರ 'ಡಾ.' ಕೂಡ ರೂಢಿಯಿಂದ ಬಂದದ್ದೇ ಹೊರತು ಪದವಿಯಿಂದ ಬಂದದ್ದಲ್ಲ.

ನಿಜವಾದ ಎಂ.ಡಿ. ಪದವಿಯನ್ನು 1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ತಂದವರು ಆನಂದಿಬಾಯಿ ಜೋಶಿ. ಅವರನ್ನು ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗಕ್ಕೆ ನೇಮಿಸಿದಾಗ ಕೊಟ್ಟ ಹೆಸರು 'ಲೇಡಿ ಡಾಕ್ಟರ್'. ಕ್ಷಯದಿಂದ ಬಳಲುತ್ತಿದ್ದ ಅವರು 1887ರಲ್ಲೇ ತೀರಿಕೊಂಡರು. ಆದರೆ ಆ ಹೆಸರು ಮಾತ್ರ ಉಳಿಯಿತು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಇಂದಿಗೂ ವಿಚಾರಿಸುವುದು 'ಲೇಡಿ ಡಾಕ್ಟರ್ ಅದಾರೇನ್ರಿ?' ಎಂದೇ.

ಮೊದಲ ಪಟ್ಟಿ, ಮೊದಲ ಬೇಲಿ

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಪರಿಸ್ಥಿತಿ ಬೇರೆಯಾಗಿತ್ತು. ಒಂದು ಕಡೆ ಕಾಲೇಜಿನಲ್ಲಿ ಓದಿದವರು. ಇನ್ನೊಂದು ಕಡೆ, ಕಲಕತ್ತೆಯಂಥ ನಗರಗಳಲ್ಲಿ ಹಣ ತೆಗೆದುಕೊಂಡು ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರಗಳನ್ನು ಮಾರುತ್ತಿದ್ದ ಖಾಸಗಿ ಸಂಸ್ಥೆಗಳು. ಬೋರ್ಡಿನ ಮೇಲಿನ ಅಕ್ಷರ ನೋಡಿ ಯಾರು ಯಾರೆಂದು ರೋಗಿಗೆ ತಿಳಿಯುವಂತಿರಲಿಲ್ಲ.

ಈ ಗೊಂದಲಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಎರಡು. ಮೊದಲನೆಯದು ನೋಂದಣಿ ಪಟ್ಟಿ. ಇಂಗ್ಲೆಂಡ್ 1858ರಲ್ಲಿ ಮಾಡಿದ್ದನ್ನು ಅನುಸರಿಸಿ ಮುಂಬಯಿ ಪ್ರಾಂತ 1912ರಲ್ಲಿ ವೈದ್ಯಕೀಯ ಕಾಯ್ದೆ ತಂದಿತು. ವೈದ್ಯಕೀಯ ಮಂಡಳಿಯೊಂದು ರಚನೆಯಾಗಿ, ಪಾಶ್ಚಾತ್ಯ ವೈದ್ಯ ಓದಿದವರ ಹೆಸರುಗಳನ್ನು ಪಟ್ಟಿ ಮಾಡಿತು. ಬಂಗಾಳ ಮತ್ತು ಮದರಾಸು ಪ್ರಾಂತಗಳು 1914ರಲ್ಲಿ ಇದೇ ದಾರಿ ಹಿಡಿದವು.

ಎರಡನೆಯದು 1916ರ ಪದವಿಗಳ ಕಾಯ್ದೆ. ಅದರಲ್ಲಿ ಹೇಳಿದ್ದು ಮುಖ್ಯವಾಗಿ ಇಷ್ಟು. ಪಾಶ್ಚಾತ್ಯ ವೈದ್ಯದ ಪದವಿ, ಡಿಪ್ಲೊಮಾ ಕೊಡುವ ಹಕ್ಕು ವಿಶ್ವವಿದ್ಯಾಲಯಗಳಿಗೆ ಮತ್ತು ಕಾಯ್ದೆಯಲ್ಲಿ ಹೆಸರಿಸಿದ ಕೆಲವೇ ಸಂಸ್ಥೆಗಳಿಗೆ ಮಾತ್ರ. ಅಂಥ ಪದವಿ ತನಗಿದೆ ಎಂದು, ಅಥವಾ ಪಾಶ್ಚಾತ್ಯ ವೈದ್ಯ ನಡೆಸಲು ತಾನು ಅರ್ಹನೆಂದು ಸೂಚಿಸುವ ಯಾವುದೇ ಬಿರುದನ್ನು ಸುಳ್ಳಾಗಿ ಹಚ್ಚಿಕೊಂಡರೆ 250 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 500.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ದಂಡ ವಿಧಿಸುವ ಆ ಕಲಮಿನಲ್ಲಿ 'ಡಾಕ್ಟರ್' ಎಂಬ ಶಬ್ದವೇ ಬರುವುದಿಲ್ಲ. ಬಿರುದು ಯಾವುದಾದರೂ ಇರಲಿ, ಅದು ಜನರಿಗೆ ಏನು ಸೂಚಿಸುತ್ತದೆ ಎಂಬುದೇ ಅಲ್ಲಿನ ಪ್ರಶ್ನೆ. ಎರಡನೆಯದಾಗಿ, ಹೋಮಿಯೋಪಥಿ, ಆಯುರ್ವೇದ ಮತ್ತು ಯುನಾನಿ ಪದ್ಧತಿಗಳು 'ಪಾಶ್ಚಾತ್ಯ ವೈದ್ಯ'ದ ಅರ್ಥದಲ್ಲಿ ಸೇರುವುದಿಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿತು. ಅಂದರೆ ವೈದ್ಯರು, ಹಕೀಮರು ತಮ್ಮ ಪಾಡಿಗೆ ಇರಬಹುದು. ಆದರೆ ಬೇಲಿಯ ಒಳಗೆ ಬರುವಂತಿಲ್ಲ.

ನೂರು ವರ್ಷಗಳ ಜಗಳದ ಬೀಜ ಇರುವುದು ಇಲ್ಲಿಯೇ. ಕಾಯ್ದೆ ಕಾವಲು ಹಾಕಿದ್ದು ಪದವಿಯ ಅಕ್ಷರಗಳಿಗೆ. ಜನ ನಂಬಿದ್ದು 'ಡಾಕ್ಟರ್' ಎಂಬ ಮಾತನ್ನು. ಕಾವಲು ಒಂದು ಕಡೆ, ನಂಬಿಕೆ ಇನ್ನೊಂದು ಕಡೆ.

ವೈದ್ಯರಿಗೆ ಬೇರೆ ಪಟ್ಟಿ

ಬೇಲಿ ಎಷ್ಟು ಬಿಗಿಯಾಗಿತ್ತೆಂದರೆ, ಪಾಶ್ಚಾತ್ಯ ವೈದ್ಯ ಓದಿದವರು ಆಯುರ್ವೇದ ಕಾಲೇಜಿನೊಂದಿಗೆ ಸಂಬಂಧ ಇಟ್ಟುಕೊಳ್ಳುವುದೂ ಅಪರಾಧವೆನಿಸಿತು. 1910ರ ದಶಕದಲ್ಲೇ ಮುಂಬಯಿಯ ಡಾ. ಪೋಪಟ್ ಪ್ರಭುರಾಮ್ ಹಾಗೂ ಮದರಾಸಿನ ಡಾ. ಕೃಷ್ಣಸ್ವಾಮಿ ಅಯ್ಯರ್ ಅವರ ಹೆಸರುಗಳನ್ನು ಆಯಾ ಪ್ರಾಂತದ ಮಂಡಳಿಗಳು ಇದೇ ಕಾರಣಕ್ಕೆ ಪಟ್ಟಿಯಿಂದ ಹೊಡೆದುಹಾಕಿದವು. ಇಬ್ಬರೂ ಕಾಲೇಜಿನಲ್ಲಿ ಓದಿ ಪರೀಕ್ಷೆ ಪಾಸು ಮಾಡಿದವರೇ. ಅವರ ವಿದ್ಯೆಯಲ್ಲಿ ಕೊರತೆ ಇರಲಿಲ್ಲ, ಅವರ ಸಹವಾಸ ಮಂಡಳಿಗೆ ಒಪ್ಪಿಗೆಯಾಗಲಿಲ್ಲ. ಇದಕ್ಕೂ ಹಿಂದೆ, 1880ರಲ್ಲಿ, ಗ್ರಾಂಟ್ ಕಾಲೇಜಿನಲ್ಲೇ ಓದಿದ ಡಾ. ಅಣ್ಣಾ ಮೋರೇಶ್ವರ ಕುಂಟೆ ಅವರು ವಾಗ್ಭಟನ ಅಷ್ಟಾಂಗಹೃದಯವನ್ನು ಸಂಪಾದಿಸಿ ಮುಂಬಯಿಯಲ್ಲಿ ಅಚ್ಚು ಹಾಕಿಸಿದ್ದರು. ಆಗ ಯಾರಿಗೂ ಅದು ತಪ್ಪಾಗಿ ಕಂಡಿರಲಿಲ್ಲ. ಪಟ್ಟಿ ಬಂದ ಮೇಲೆ ಅದರ ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಎಣಿಕೆ ಶುರುವಾಯಿತು.

ಹೊರಗೆ ಉಳಿದವರು ಸುಮ್ಮನೆ ಕೂಡಲಿಲ್ಲ. ಅವರೂ ಕಾಲೇಜು ಕಟ್ಟಿದರು, ಪರೀಕ್ಷೆ ನಡೆಸಿದರು, ಬಿರುದು ಕೊಟ್ಟರು. ಮೈಸೂರು ಸಂಸ್ಥಾನದಲ್ಲಿ 1908ರಲ್ಲೇ ಆಯುರ್ವೇದ ಕಾಲೇಜು ಆರಂಭವಾಗಿತ್ತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಸೇರಿದ್ದ ಮದರಾಸು ಪ್ರಾಂತದಲ್ಲಿ 1925ರಲ್ಲಿ ಭಾರತೀಯ ವೈದ್ಯಶಾಲೆ ತೆರೆದು ಎಲ್.ಐ.ಎಂ. ಎಂಬ ಬಿರುದು ಬಂತು. ನಮ್ಮ ನೆರೆಯ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯ 1933ರದು. ವಿಶಾರದ, ರತ್ನ, ಭಿಷಗಾಚಾರ್ಯ ಹೀಗೆ ಸಂಸ್ಕೃತದ ಬಿರುದುಗಳೂ ಬೆಳೆದವು. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಕಟ್ಟಿದ ತಾರಾನಾಥರು ವೈದ್ಯರೆಂದು ಹೆಸರಾಗಿದ್ದರೂ ಕನ್ನಡ ನಾಡು ಅವರನ್ನು ಕರೆದದ್ದು 'ಪಂಡಿತ' ಎಂದು. ಆ ಒಂದು ಮಾತಿನಲ್ಲಿ ಇದ್ದ ಗೌರವ ಯಾವ ಡಾಕ್ಟರಿಕೆಗೂ ಕಡಿಮೆಯದಾಗಿರಲಿಲ್ಲ.

ಸರ್ಕಾರದ ಮಾನ್ಯತೆ ದೊರೆತದ್ದು ಕಾಂಗ್ರೆಸ್ ಮಂತ್ರಿಮಂಡಲದ ಕಾಲದಲ್ಲಿ. ಬಿ.ಜಿ. ಖೇರ್ ಅವರ ಸರ್ಕಾರ ಮುಂಬಯಿ ಪ್ರಾಂತದಲ್ಲಿ 1938ರಲ್ಲಿ ವೈದ್ಯವೃತ್ತಿಗಾರರ ಕಾಯ್ದೆ ತಂದು, ದೇಶೀಯ ಪದ್ಧತಿಯವರಿಗೂ ಒಂದು ನೋಂದಣಿ ಪುಸ್ತಕ ತೆರೆಯಿತು. ಧಾರವಾಡ ಜಿಲ್ಲೆಯ ವೈದ್ಯರು, ಹಕೀಮರು ಮೊದಲ ಬಾರಿಗೆ ಸರ್ಕಾರಿ ಕಾಗದದಲ್ಲಿ ಕಾಣಿಸಿಕೊಳ್ಳಲು ದಾರಿಯಾದದ್ದು ಹೀಗೆ. ಬೇಲಿ ಹೋಗಲಿಲ್ಲ. ಬೇಲಿಯ ಆಚೆ ಇನ್ನೊಂದು ಹಿತ್ತಿಲು ಸಿದ್ಧವಾಯಿತು.

ಡಾಕ್ಟರರಲ್ಲೇ ಎರಡು ಪಂಕ್ತಿ

ಬೇಲಿಯ ಒಳಗೆ ಎಲ್ಲರೂ ಸಮಾನರಾಗಿದ್ದರೇ? ಅದೂ ಇಲ್ಲ.

ಕಾಲೇಜಿನಲ್ಲಿ ಓದಿ ವಿಶ್ವವಿದ್ಯಾಲಯದ ಪದವಿ ಪಡೆದವರು ಒಂದು ಪಂಕ್ತಿ. ಮೆಡಿಕಲ್ ಸ್ಕೂಲುಗಳಲ್ಲಿ ಕಡಿಮೆ ಅವಧಿಯ ಶಿಕ್ಷಣ ಪಡೆದ ಲೈಸೆನ್ಷಿಯೇಟುಗಳು ಇನ್ನೊಂದು ಪಂಕ್ತಿ. ಪುಣೆಯ ಬಿ.ಜೆ. ಮೆಡಿಕಲ್ ಸ್ಕೂಲು 1878ರಿಂದ ಇಂಥವರನ್ನು ತಯಾರು ಮಾಡುತ್ತಿತ್ತು. ಸರ್ಕಾರಿ ಸೇವೆಯಲ್ಲಿ ಅವರ ಹುದ್ದೆ ಮೊದಲು 'ಹಾಸ್ಪಿಟಲ್ ಅಸಿಸ್ಟೆಂಟ್', ಆಮೇಲೆ 'ಸಬ್ ಅಸಿಸ್ಟೆಂಟ್ ಸರ್ಜನ್'. 1912ರಲ್ಲಿ ಹುಟ್ಟಿದ ಮುಂಬಯಿಯ ವೈದ್ಯರ ಮತ್ತು ಶಸ್ತ್ರವೈದ್ಯರ ಕಾಲೇಜು ಕೊಡುತ್ತಿದ್ದ ಎಲ್.ಸಿ.ಪಿ.ಎಸ್. ಕೂಡ ಇದೇ ಸಾಲಿನದು. ಬೆಂಗಳೂರಿನಲ್ಲಿ 1917ರಲ್ಲಿ ಮೆಡಿಕಲ್ ಸ್ಕೂಲು ತೆರೆದ ಮೈಸೂರು ಸಂಸ್ಥಾನದಲ್ಲಿ ಎಲ್.ಎಂ.ಪಿ.ಗಳಿದ್ದರು.

ತಾಲ್ಲೂಕಿನ ದವಾಖಾನೆಯಲ್ಲಿ ಪ್ಲೇಗು, ಕಾಲರಾ, ಹೆರಿಗೆ, ಮುರಿದ ಕೈಕಾಲು ಎಲ್ಲವನ್ನೂ ನೋಡುತ್ತಿದ್ದವರು ಹೆಚ್ಚಾಗಿ ಈ ಎರಡನೆಯ ಪಂಕ್ತಿಯವರು. ಹಳ್ಳಿಯವರಿಗೆ ಅವರು 'ಡಾಕ್ಟರ್ ಸಾಹೇಬರು'. ಇಲಾಖೆಗೆ ಮಾತ್ರ ಸಬ್ ಅಸಿಸ್ಟೆಂಟರು. 1933ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆ ವಿಶ್ವವಿದ್ಯಾಲಯದ ಪದವಿಗಳನ್ನಷ್ಟೇ ಗಣನೆಗೆ ತೆಗೆದುಕೊಂಡು ಲೈಸೆನ್ಷಿಯೇಟುಗಳನ್ನು ಹೊರಗಿಟ್ಟಾಗ ಅವರಿಗೆ ಸಹಜವಾಗಿಯೇ ನೋವಾಯಿತು.

ಅವರ ಸಂಖ್ಯೆ ಎಷ್ಟಿತ್ತು ಎಂಬುದು 1946ರ ಭೋರ್ ಸಮಿತಿಯ ವರದಿಯಿಂದ ತಿಳಿಯುತ್ತದೆ. ಆಗ ದೇಶದಲ್ಲಿದ್ದ ನೋಂದಾಯಿತ ಡಾಕ್ಟರರು ಸುಮಾರು 47,500. ಅವರಲ್ಲಿ ಹೆಚ್ಚುಕಡಿಮೆ 30,000 ಮಂದಿ ಲೈಸೆನ್ಷಿಯೇಟುಗಳು. ಅಂದರೆ ಮೂರರಲ್ಲಿ ಎರಡು ಪಾಲು! 6,300 ಜನರಿಗೆ ಒಬ್ಬ ಡಾಕ್ಟರು ಎಂಬ ಪರಿಸ್ಥಿತಿಯಲ್ಲಿಯೂ ಸಮಿತಿಯ ಬಹುಮತದ ಶಿಫಾರಸು, ಇನ್ನು ಮುಂದೆ ಒಂದೇ ಬಗೆಯ ವೈದ್ಯರು ಸಾಕು, ಲೈಸೆನ್ಷಿಯೇಟ್ ಶಿಕ್ಷಣ ನಿಲ್ಲಲಿ ಎಂದು. ಹಳ್ಳಿಗಳಿಗೆ ಯಾರು ಹೋಗುತ್ತಾರೆ ಎಂದು ಕೇಳಿ ಆರು ಸದಸ್ಯರು ಭಿನ್ನಮತ ಬರೆದರು. ಬಹುಮತ ಗೆದ್ದಿತು. ಪುಣೆಯ ಸ್ಕೂಲು 1946ರಲ್ಲಿ ಕಾಲೇಜಾಯಿತು. ಹಳೆಯ ಲೈಸೆನ್ಷಿಯೇಟುಗಳು ಸಂಕ್ಷಿಪ್ತ ಶಿಕ್ಷಣ ಮುಗಿಸಿ ಎಂಬಿಬಿಎಸ್ ಆಗಲು ಅವಕಾಶ ದೊರೆಯಿತು.

ಒಂದೇ ಪದವಿ ಎಂಬುದು ಒಳ್ಳೆಯ ಆದರ್ಶ. ಬಡವನಿಗೂ ಶ್ರೀಮಂತನಿಗೂ ಒಂದೇ ಮಟ್ಟದ ಡಾಕ್ಟರು ಸಿಗಬೇಕು ಎಂಬ ಆಸೆ ಅದರ ಹಿಂದಿತ್ತು. ಆದರೆ ಹಳ್ಳಿಯಲ್ಲಿ ಖಾಲಿಯಾದ ಕುರ್ಚಿ ಖಾಲಿಯಾಗಿಯೇ ಉಳಿಯಲಿಲ್ಲ. ಅದರಲ್ಲಿ ಬಂದು ಕೂತವರ ಕಥೆ ಬೇರೆ.

ಹುಬ್ಬಳ್ಳಿಗೆ ಬಂದ ಕಾಲೇಜು

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಧಾರವಾಡ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷವೇ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಜನ ಇಂದಿಗೂ ಕೆಎಂಸಿ ಎಂದೋ ಕಿಮ್ಸ್ ಎಂದೋ ಕರೆಯುವ ಸಂಸ್ಥೆ ಇದೇ. ಉತ್ತರ ಕರ್ನಾಟಕದ ಹುಡುಗ ಡಾಕ್ಟರಾಗಲು ಮುಂಬಯಿ, ಪುಣೆಗೇ ಹೋಗಬೇಕೆಂಬ ಕಾಲ ಮುಗಿಯಿತು.

ಹೊಸ ರಾಜ್ಯ 1961ರಲ್ಲಿ ಎರಡು ಕಾಯ್ದೆಗಳನ್ನು ಮಾಡಿತು. ಅಲೋಪಥಿಯವರ ನೋಂದಣಿಗೆ ಒಂದು. ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ, ಯೋಗ ಪದ್ಧತಿಯವರಿಗೆ ಇನ್ನೊಂದು. ಮುಂಬಯಿ ಕಾಲದ ಎರಡು ಹಿತ್ತಿಲುಗಳು ಹೀಗೆ ಮುಂದುವರಿದವು. 1970ರಲ್ಲಿ ಭಾರತೀಯ ವೈದ್ಯ ಪದ್ಧತಿಗಳಿಗೂ 1973ರಲ್ಲಿ ಹೋಮಿಯೋಪಥಿಗೂ ಕೇಂದ್ರ ಪರಿಷತ್ತಿನ ಕಾಯ್ದೆಗಳು ಬಂದವು.

1970ರ ಕಾಯ್ದೆಯ ಅನುಬಂಧದಲ್ಲಿ ಒಂದು ಕುತೂಹಲದ ಸಂಗತಿ ಇದೆ. ಪ್ರಯಾಗದ ಹಿಂದಿ ಸಾಹಿತ್ಯ ಸಮ್ಮೇಳನ ಕೊಡುತ್ತಿದ್ದ ವೈದ್ಯವಿಶಾರದ, ಆಯುರ್ವೇದರತ್ನ ಬಿರುದುಗಳಿಗೆ 1967ರವರೆಗೆ ಮಾತ್ರ ಮಾನ್ಯತೆ. ಅಂದರೆ 1967ರಲ್ಲಿ ಪಾಸಾದವನು ವೈದ್ಯ, 1968ರಲ್ಲಿ ಅದೇ ಬಿರುದು ಪಡೆದವನು ಏನೂ ಅಲ್ಲ. ಗೊತ್ತಿಲ್ಲದೆ ಆಮೇಲೆಯೂ ಆ ಬಿರುದು ತಂದು ದವಾಖಾನೆ ಇಟ್ಟವರು ನ್ಯಾಯಾಲಯಗಳಲ್ಲಿ ಸೋಲಬೇಕಾಯಿತು.

ಆಯುರ್ವೇದದ ಐದೂವರೆ ವರ್ಷಗಳ ಪದವಿಗೆ ಇಂಗ್ಲಿಷಿನಲ್ಲಿ ಬಿ.ಎ.ಎಂ.ಎಸ್. ಎನ್ನುತ್ತೇವೆ. ಅದರ ಅಧಿಕೃತ ಹೆಸರು 'ಆಯುರ್ವೇದಾಚಾರ್ಯ'. ಲ್ಯಾಟಿನ್ನಿನ 'ಡಾಕ್ಟರ್'ಗೆ ಸರಿಸಮನಾದ 'ಆಚಾರ್ಯ' ಪದವಿಯ ಹೆಸರಿನಲ್ಲೇ ಇದೆ! ಆದರೆ ಪೇಟೆಯ ಬೋರ್ಡುಗಳಲ್ಲಿ ಆ ಶಬ್ದ ಕಾಣುವುದು ಅಪರೂಪ. ಕಾಣುವುದು 'ಡಾ.' ಮಾತ್ರ. ಸ್ನಾತಕೋತ್ತರ ಪದವಿಗಳ ಕಥೆಯೂ ಅಷ್ಟೇ. 'ವಾಚಸ್ಪತಿ', 'ಧನ್ವಂತರಿ' ಎಂಬ ಹೆಸರುಗಳ ಪಕ್ಕದಲ್ಲಿ ಎಂ.ಡಿ., ಎಂ.ಎಸ್. ಎಂಬ ಅಕ್ಷರಗಳು ಸೇರಿಕೊಂಡವು. 2020ರ ನವೆಂಬರ್‌ನಲ್ಲಿ ಆಯುರ್ವೇದದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಲಿಯಬೇಕಾದ 58 ಶಸ್ತ್ರಕ್ರಿಯೆಗಳನ್ನು ಹೆಸರಿಸಿ ಅಧಿಸೂಚನೆ ಹೊರಟಾಗ, ಡಿಸೆಂಬರ್ 11ರಂದು ಅಲೋಪಥಿ ವೈದ್ಯರು ದೇಶದಾದ್ಯಂತ ಮುಷ್ಕರ ಹೂಡಿದರು. ಚಿಕಿತ್ಸೆಯ ಹಕ್ಕಿನ ಜೊತೆಗೆ 'ಎಂ.ಎಸ್.' ಎಂಬ ಅಕ್ಷರದ ಹಕ್ಕೂ ಆ ಜಗಳದಲ್ಲಿತ್ತು.

ಬೋರ್ಡಿನ ಅಕ್ಷರದಿಂದ ನಿಜವಾಗಿ ಅಪಾಯ ಯಾರಿಗೆ? ಇದಕ್ಕೆ ಉತ್ತರ 1996ರ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲಿದೆ. ಮುಂಬಯಿಯಲ್ಲಿ ಹೋಮಿಯೋಪಥಿ ಓದಿದ್ದ ಒಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಡುತ್ತ ಹೋದರು. 1992ರಲ್ಲಿ ರೋಗಿ ತೀರಿಕೊಂಡರು. ತನಗೆ ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ಆ ಮಟ್ಟಿಗೆ ನಕಲಿ ವೈದ್ಯನೇ ಎಂದು ನ್ಯಾಯಾಲಯ ಹೇಳಿತು. ಮೃತರ ಪತ್ನಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ವ್ಯಕ್ತಿ ಓದಿರಲಿಲ್ಲವೆಂದಲ್ಲ. ಓದಿದ್ದು ಒಂದು, ಮಾಡಿದ್ದು ಇನ್ನೊಂದು. ಬೋರ್ಡಿನ 'ಡಾ.' ಆ ಅಂತರವನ್ನು ರೋಗಿಗೆ ಹೇಳುವಂತಿರಲಿಲ್ಲ.

ಹಳ್ಳಿಯ ನಿಘಂಟು

ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಈ ವೃತ್ತಿಯ ಹೆಸರುಗಳಿಗೆ ಬೇರೆಯೇ ನಿಘಂಟು ಇದೆ. ದವಾಖಾನೆಯಲ್ಲಿ ಸೂಜಿ ಮಾಡುವ ಹೆಣ್ಣುಮಗಳು 'ನರ್ಸಬಾಯಿ'. ಔಷಧ ಕಟ್ಟಿಕೊಡುವವ 'ಕಂಪೌಂಡರ್', ಅವನೇ ನಾಲ್ಕಾರು ವರ್ಷಗಳ ಮೇಲೆ ಬೇರೆ ಊರಿಗೆ ಹೋಗಿ 'ಡಾಕ್ಟರ್'. ಕಾನೂನಿನಲ್ಲಿ ಆರ್.ಎಂ.ಪಿ. ಎಂದರೆ ನೋಂದಾಯಿತ ವೈದ್ಯ, ಅಂದರೆ ಪೂರ್ಣ ಅರ್ಹತೆ ಉಳ್ಳವನು. ಹಳ್ಳಿಯಲ್ಲಿ 'ಆರ್‌ಎಂಪಿ ಡಾಕ್ಟರ್' ಎಂದರೆ ಬಹುಮಟ್ಟಿಗೆ ಯಾವ ಪದವಿಯೂ ಇಲ್ಲದವನು! ಕಾಯ್ದೆ ಕಾಪಾಡಲು ಹೊರಟ ಅಕ್ಷರಗಳೇ ಹೀಗೆ ತಲೆಕೆಳಗಾಗಿವೆ.

ಇನ್ನು 'ದನದ ಡಾಕ್ಟರ್'. ಪಶುವೈದ್ಯರನ್ನು ಡಾಕ್ಟರ್ ಎಂದು ಕರೆಯುವುದಕ್ಕೆ ಊರಿನಲ್ಲಿ ಯಾರ ತಕರಾರೂ ಇಲ್ಲ. ಏಕೆಂದರೆ ಕೂಸಿಗೆ ಜ್ವರ ಬಂದಾಗ ತಪ್ಪಿ ಯಾರೂ ಅವರ ಹತ್ತಿರ ಹೋಗುವುದಿಲ್ಲ. ಹೆಸರಿನ ಹಿಂದಿರುವ 'ದನದ' ಎಂಬ ಒಂದು ಶಬ್ದ ಎಲ್ಲವನ್ನೂ ಸ್ಪಷ್ಟ ಮಾಡುತ್ತದೆ. ಬಿರುದಿನ ಜಗಳಕ್ಕೆ ಪರಿಹಾರ ಹುಡುಕುವ ಪಂಡಿತರು ಈ ಹಳ್ಳಿಯ ಜಾಣತನವನ್ನು ಗಮನಿಸಬೇಕು.

ನರ್ಸುಗಳ ವಿಷಯವನ್ನೂ ಮರೆಯುವಂತಿಲ್ಲ. ಮುಂಬಯಿ ಪ್ರಾಂತದಲ್ಲಿ ನರ್ಸು, ಸೂಲಗಿತ್ತಿಯರ ನೋಂದಣಿಗೆ 1935ರಲ್ಲಿ ಕಾಯ್ದೆಯಾಯಿತು. ಸ್ವತಂತ್ರ ಭಾರತದ ನರ್ಸಿಂಗ್ ಪರಿಷತ್ತಿನ ಕಾಯ್ದೆ 1947ರದು. ಆದರೂ ಪದವಿ ಓದಿ ಬಂದ ನರ್ಸು ಬಹುಕಾಲ 'ಸಿಸ್ಟರ್' ಆಗಿಯೇ ಉಳಿದರು. ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ 'ನರ್ಸಿಂಗ್ ಆಫೀಸರ್' ಎಂಬ ಹೆಸರು ಬಂದದ್ದು 2016ರಲ್ಲಿ. ಈಗ ಹಳ್ಳಿಗಳ ಉಪಕೇಂದ್ರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯಾಧಿಕಾರಿಗಳು ಬಿಪಿ, ಸಕ್ಕರೆ ರೋಗ ನೋಡುತ್ತಾರೆ. ಲೈಸೆನ್ಷಿಯೇಟುಗಳು ಬಿಟ್ಟುಹೋದ ಕುರ್ಚಿಗೆ ಎಪ್ಪತ್ತು ವರ್ಷಗಳ ಮೇಲೆ ಸರ್ಕಾರ ಬೇರೆ ಹೆಸರಿನಲ್ಲಿ ಮತ್ತೆ ಜನರನ್ನು ಹುಡುಕಿದಂತಾಯಿತು. ಅವರ ಮುಂದೆ ಕೂತ ಅಜ್ಜಿಗೆ ಅವರೂ ಡಾಕ್ಟರೇ.

ಹೊಸ ಅಕ್ಷರ, ಹಳೆಯ ಪ್ರಶ್ನೆ

ಇತ್ತೀಚಿನ ವರ್ಷಗಳಲ್ಲಿ ಬೇಲಿಯನ್ನು ಹೊಸದಾಗಿ ಹಾಕುವ ಯತ್ನಗಳು ನಡೆದಿವೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ, ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. 1916ರ 250 ರೂಪಾಯಿ ಎಲ್ಲಿ, ಇದೆಲ್ಲಿ! 2023ರ ಆಗಸ್ಟ್‌ನಲ್ಲಿ ಆಯೋಗ ಹೊರಡಿಸಿದ ನಡವಳಿಕೆಯ ನಿಯಮಗಳಲ್ಲಿ, ತನ್ನಲ್ಲಿ ನೋಂದಾಯಿತರಾದವರು ಮಾತ್ರ 'ಮೆಡ್. ಡಾ.' ಎಂಬ ಹೊಸ ಬಿರುದು ಬಳಸಬಹುದೆಂದಿತ್ತು. ಅಂದರೆ 'ಡಾ.' ಎಂಬುದು ಕೈಬಿಟ್ಟು ಹೋಗಿದೆ ಎಂದು ಅಲೋಪಥಿಯವರೇ ಒಪ್ಪಿಕೊಂಡಂತೆ! ಅದೇ ತಿಂಗಳಲ್ಲಿ ಆ ನಿಯಮಗಳನ್ನು ತಡೆಹಿಡಿಯಲಾಯಿತು.

ಇನ್ನೊಂದೆಡೆ 2021ರಲ್ಲಿ ಬಂದ ಆರೋಗ್ಯ ಸಹವೃತ್ತಿಗಳ ಆಯೋಗದ ಕಾಯ್ದೆ ಫಿಸಿಯೋಥೆರಪಿ ಮೊದಲಾದ ವೃತ್ತಿಯವರಿಗೆ ಮೊದಲ ಬಾರಿಗೆ ರಾಷ್ಟ್ರಮಟ್ಟದ ನೋಂದಣಿಯ ಭರವಸೆ ಕೊಟ್ಟಿತು. ವರ್ಷಗಟ್ಟಲೆ ಓದಿ, ಪಾರ್ಶ್ವವಾಯು ಬಡಿದವರನ್ನು ಎಬ್ಬಿಸಿ ನಡೆಸುವ ಇವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಎಂಬಿಬಿಎಸ್ ಪದವಿಯ ಹೆಸರಿನಲ್ಲಿಯೂ 'ಡಾಕ್ಟರ್' ಇಲ್ಲ, ನಮ್ಮದರಲ್ಲಿಯೂ ಇಲ್ಲ. ಅವರಿಗೆ ರೂಢಿಯಿಂದ ಬಂದದ್ದು ನಮಗೇಕೆ ಬರಬಾರದು ಎಂಬುದು ಆ ವಾದ. ರೋಗ ಯಾವುದೆಂದು ಪತ್ತೆ ಮಾಡುವ ಶಿಕ್ಷಣ ಇವರಿಗಿಲ್ಲ, ಮೊದಲು ಬಂದ ರೋಗಿ ಇವರನ್ನೇ ಎಲ್ಲಕ್ಕೂ ಡಾಕ್ಟರೆಂದು ಭಾವಿಸಿದರೆ ಗತಿಯೇನು ಎಂಬ ಎದುರುವಾದವೂ ತೂಕದ್ದೇ.

ಎರಡೂ ಕಡೆಯವರು ಮಾತಾಡುವುದು ರೋಗಿಯ ಹೆಸರಿನಲ್ಲಿ. ಆದರೆ ಭಾವೂ ದಾಜಿಯ ಕಾಲದಿಂದ ಇಲ್ಲಿಯವರೆಗಿನ ಕಥೆಯಲ್ಲಿ ರೋಗಿಯನ್ನು ಕೇಳಿ ಯಾರೂ ಬೇಲಿ ಹಾಕಿಲ್ಲ, ರೋಗಿಯನ್ನು ಕೇಳಿ ಯಾರೂ ಬೇಲಿ ಹಾರಿಲ್ಲ. ಬಿರುದು ಓದಿದವರ ನಡುವಿನ ಪಾಲುಪಟ್ಟಿಯ ವಿಷಯವಾಯಿತು. ಅದನ್ನು ನಂಬಿ ಒಳಗೆ ಕಾಲಿಡುವವರಿಗೆ ಬೇಕಾದದ್ದು ಬೇರೆ. ಈ ಮನುಷ್ಯ ಏನು ಓದಿದ್ದಾನೆ? ಏನು ಮಾಡಲು ಬಲ್ಲ? ತಪ್ಪಾದರೆ ಕೇಳುವವರು ಯಾರು? ಈ ಮೂರಕ್ಕೆ 'ಡಾ.' ಎಂಬ ಅಕ್ಷರ ಎಂದೂ ಉತ್ತರ ಹೇಳಿಲ್ಲ. ಉತ್ತರ ಇರುವುದು ಪದವಿಯ ಪೂರ್ಣ ಹೆಸರಿನಲ್ಲಿ ಮತ್ತು ನೋಂದಣಿ ಸಂಖ್ಯೆಯಲ್ಲಿ.

ಈ ದಿಕ್ಕಿನಲ್ಲಿ ನಮ್ಮ ರಾಜ್ಯ ಇಟ್ಟ ಒಂದು ಹೆಜ್ಜೆ ಸಣ್ಣದಾದರೂ ಅರ್ಥಪೂರ್ಣ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ದವಾಖಾನೆಗಳು ನೋಂದಣಿ ಮಾಡಿಸಬೇಕು. 2024ರಲ್ಲಿ ಆರೋಗ್ಯ ಇಲಾಖೆ, ಆ ನೋಂದಣಿ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯಬೇಕೆಂದೂ, ಅಲೋಪಥಿಯ ಬೋರ್ಡು ಆಕಾಶನೀಲಿ, ಆಯುರ್ವೇದದ ಬೋರ್ಡು ಹಸಿರು ಬಣ್ಣದ್ದಿರಬೇಕೆಂದೂ ಸೂಚಿಸಿತು. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದೆ. 'ದನದ ಡಾಕ್ಟರ್' ಎಂಬ ಮಾತಿನ ಸ್ಪಷ್ಟತೆಯನ್ನು ಸರ್ಕಾರ ಬಣ್ಣದಲ್ಲಿ ತರಲು ನೋಡಿದಂತಿದೆ.

ಮತ್ತೆ ಗರಗದ ಬಟ್ಟೆಗೆ ಬರೋಣ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿ ದೊರೆಯಿತು. ಕೈಮಗ್ಗದ ಖಾದಿಗೆ ಅನ್ನ ನಂಬಿಕೊಂಡವರಿಗೆ ಇದರಿಂದ ಆತಂಕವಾದದ್ದು ಸಹಜ. ಬಿರುದು ಹಂಚಿಹೋದಾಗ ಮೊದಲಿನಿಂದ ಅದನ್ನು ಹೊತ್ತವರಿಗೆ ಆಗುವ ನೋವು ಎಲ್ಲ ಕಸುಬಿನಲ್ಲೂ ಒಂದೇ. ಆದರೆ ಧ್ವಜ ಕೊಳ್ಳುವವನು ಬಟ್ಟೆಯನ್ನು ಬೆರಳಲ್ಲಿ ಹಿಡಿದು ಇದು ಖಾದಿಯೋ ಪಾಲಿಯೆಸ್ಟರೋ ಎಂದು ಹೇಳಬಲ್ಲ. ಜ್ವರದ ಕೂಸನ್ನು ಎತ್ತಿಕೊಂಡು ಸಂಜೆ ಹೊತ್ತು ದವಾಖಾನೆಯ ಮೆಟ್ಟಿಲು ಹತ್ತುವ ತಾಯಿಗೆ ಹಾಗೆ ಮುಟ್ಟಿ ನೋಡಲು ಏನೂ ಇಲ್ಲ. ಅವಳ ಪಾಲಿಗಿರುವುದು ಬೋರ್ಡು ಒಂದೇ. ಆ ಬೋರ್ಡು ಅವಳಿಗೆ ನಿಜ ಹೇಳಲಿ. 'ಡಾ.' ಯಾರ ಪಾಲಿಗೆ ಬರಬೇಕೆಂಬ ಜಗಳ ಆಮೇಲೆಯೂ ನಡೆಯಬಹುದು.